ಕೂರಲೊಲ್ಲದ ಮಾವ

ಕುರ್ಚಿ ಕಂಡರೆ ಹೆದರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದರೆ ಅದು ಹಂಪಸಾಗರದ ನನ್ನ ಸೋದರಮಾವ! ರಾಜಕಾರಣಿಗಳು ಇವರನ್ನು ನೋಡಿ ಕಲಿಯಬೇಕು.

ಹೋದ ವರ್ಷ ಇದ್ದಕ್ಕಿದ್ದಂತೆ ಅವರು ಕೂರುವುದನ್ನೇ ಬಿಟ್ಟರು. ಚಹಾ ನಿಂತು, ಪೇಪರು ನಿಂತು, ಅತ್ತೆಯೊಡನೆ ಜಗಳವೂ ನಿಂತೇ. ಹರಪನಹಳ್ಳಿ ಬಸ್ಸಿನಲ್ಲಿ ಸಿಕ್ಕ ಸೀಟನ್ನೆಲ್ಲ ಕಂಡಕಂಡವರಿಗೆ ಬಿಟ್ಟುಕೊಟ್ಟು ದೊಡ್ಡ ಮನುಷ್ಯ ಎನ್ನಿಸಿಕೊಂಡರು. ಕೊಟ್ಟೂರಿನ ಒಂದು ಮದುವೆಯಲ್ಲಿ ಪಂಕ್ತಿಯ ಪಕ್ಕ ನಿಂತೇ ಇದ್ದವರ ಕೈಗೆ ಯಾರೋ ಸಾರಿನ ಬಕೆಟ್ ಕೊಟ್ಟು ಹೋದರಂತೆ. ಮಾವ ಮೂರು ಪಂಕ್ತಿ ಬಡಿಸಿ ಬಂದರು!

ಕೊನೆಗೆ ನಾನೇ ಮಾವನ ಬಾಯಿ ಬಿಡಿಸಿದೆ.

"ಕುಂತ್ರ ಏನೂ ಇಲ್ಲಲೇ. ಎದ್ರ ತಲಿ ಗಿರ್ರ್ ಅಂತೈತಿ, ಕಾಲು ಜೋಮು ಹಿಡೀತಾವು. ಅದಕ್ಕ ಕುಂದ್ರೋದ ಬಿಟ್ಟೆ. ಕುಂತ್ರ ತಾನ ಏಳೋದು?"

ಈ ತರ್ಕದಲ್ಲಿ ತಪ್ಪು ಹುಡುಕಿ, ನೋಡೋಣ!

ನಾನೋ ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಸುಮ್ಮನಿರಲಾದೀತೇ? ಮೊಬೈಲ್ ತೆಗೆದು ಗಟ್ಟಿಯಾಗಿ ಓದಿದೆ: ಮೈಯಲ್ಲಿ ನೀರು ಕಡಿಮೆ, ರಕ್ತಹೀನತೆ, ಸಕ್ಕರೆ ಕಾಯಿಲೆ, ಎದೆಬಡಿತದ ಏರುಪೇರು, ಒಳಗಿವಿಯ ತೊಂದರೆ, ಕುತ್ತಿಗೆ ಮೂಳೆ ಸವೆತ...

"ಇಷ್ಟೆಲ್ಲಾ ಇದ್ರ ನಾ ಬದುಕಿರೋದ ತಪ್ಪೇನ್ಲೇ?" ಎಂದರು ಮಾವ. ಓದುತ್ತ ಓದುತ್ತ ತಲೆ ತಿರುಗಿದ್ದು ನನಗೆ. ನೀರು ತಂದುಕೊಟ್ಟದ್ದು ಮಾವ!

ಮರುದಿನ ಅತ್ತೆಯನ್ನೂ ಕರೆದುಕೊಂಡು ಹರಪನಹಳ್ಳಿಯ ಡಾಕ್ಟರಮ್ಮನ ಬಳಿ ಹೋದೆವು.

"ಕುಂದರ್ರಿ ಯಜಮಾನ್ರೆ."

"ಬ್ಯಾಡ್ರಿ, ನೀವ ಕುಂದರ್ರಿ."

ಆಕೆ ನಕ್ಕು, ಮಾವನನ್ನು ಮಲಗಿಸಿ ಬಿ.ಪಿ. ನೋಡಿದರು, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. "ಎದ್ದ ಕೂಡ್ಲೆ ಬಿ.ಪಿ. ಭಾಳ ಇಳೀತೈತಿ. ಯಾವ ಮಾತ್ರಿ ತಗೋತೀರಿ?"

ನಾನು ಹೆಮ್ಮೆಯಿಂದ ಜೇಬಿನಿಂದ ಬಿ.ಪಿ.ಯ ಗುಲಾಬಿ ಮಾತ್ರೆ ತೆಗೆದೆ. ನಮ್ಮ ಶಾಲೆಯ ಆರೋಗ್ಯ ಶಿಬಿರಕ್ಕೆ ಮಾವನನ್ನು ಎಳೆತಂದು ಅದನ್ನು ಬರೆಸಿದವನು ನಾನೇ. ಪ್ರತಿ ಭಾನುವಾರ ವಾರಕ್ಕಾಗುವಷ್ಟು ಮನೆಗೇ ತಲುಪಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಸೆರಗಿನ ಗಂಟು ಬಿಚ್ಚಿ ಊರಿನ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಬಿಳಿ ಮಾತ್ರೆ ಇಟ್ಟರು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧಿ ಒಂದೇ! ದಿನಾ ಬೆಳಿಗ್ಗೆ ಅತ್ತೆಯದೊಂದು, ಅದರ ಬೆನ್ನಿಗೇ ನನ್ನದೊಂದು.

"ಮದ್ಲ ಬ್ಯಾರೆ ಮಾತ್ರಿ ತಗೋತಾರೇನು ಅಂತ ಒಂದು ಮಾತು ಕೇಳಿದ್ರೇನ್ರಿ ಮೇಷ್ಟ್ರೆ?" ಎಂದರು ಡಾಕ್ಟರಮ್ಮ.

ನಾನು ಓದಿದ್ದ ಅಷ್ಟುದ್ದದ ಪಟ್ಟಿಯಲ್ಲಿ 'ಅಳಿಯ' ಎಂಬ ಕಾರಣವೊಂದು ಇರಲೇ ಇಲ್ಲ!

ನನ್ನ ಮಾತ್ರೆ ರದ್ದಾಯಿತು. ರಕ್ತ ಪರೀಕ್ಷೆಯಲ್ಲಿ ಬಿ-ಹನ್ನೆರಡು ಜೀವಸತ್ವ ಕಡಿಮೆ ಬಂದಿದ್ದರಿಂದ ಜೋಮಿಗೆ ಇಂಜೆಕ್ಷನ್ ಶುರುವಾಯಿತು. ಕೆಲವು ವಾರ ಕಳೆದು ನಾನು ಹೋದಾಗ ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಮಹಾರಾಜನಂತೆ ಕೂತಿದ್ದರು. ಪಕ್ಕದಲ್ಲಿ ಕೂತು ರೇಗಿದೆ.

"ಎರಡೂ ಕಡೆಯಿಂದ ಬಿ.ಪಿ. ಮಾತ್ರಿ ಬರ್ತಾವು ಅಂತ ನಿಮಗ ಗೊತ್ತಾಗ್ಲಿಲ್ಲೇನು ಮಾವ?"

"ಸಂಶಯ ಇತ್ತಲೇ."

"ಮತ್ತ ಯಾಕ ನುಂಗಿದ್ರಿ?"

ಮಾವ ರಸ್ತೆಯ ಕಡೆ ನೋಡಿದರು. "ಆಕೀದು ಬ್ಯಾಡ ಅಂದ್ರ ಎರಡು ಮಾತು ಬೈತಾಳ, ಅಷ್ಟ. ನಿಂದು ಬ್ಯಾಡ ಅಂದ್ರ ನೀ ಐತಾರ ಐತಾರ ಬರೋದ ಬಿಡ್ತಿದ್ದಿ."

ನನ್ನೂರಿನ ಸಂಜೆ ಬಸ್ಸು ಹಾರ್ನ್ ಹೊಡೆಯುತ್ತ ಬಂತು, ಹೋಯಿತು. ನಾನು ಏಳಲಿಲ್ಲ.