ತಳ್ಳಿಸಿಕೊಳ್ಳುವ ಬ್ಯಾಟರಿ ಮಹಾಶಯರಿಗೆ ಡ್ರೈವಿಂಗ್ ಮೇಷ್ಟರ ಬಿನ್ನಹ

ಮಾನ್ಯ ಬ್ಯಾಟರಿ ಮಹಾಶಯರೇ,

ತಮ್ಮ ಪ್ಲಸ್ ತುದಿಗೂ ಮೈನಸ್ ತುದಿಗೂ, ಯಾರಿಗೂ ಬೇಸರವಾಗದಂತೆ, ಸಮಸಮನಾಗಿ ನಮಸ್ಕಾರಗಳು. ನಮ್ಮ ಡ್ರೈವಿಂಗ್ ಶಾಲೆಯ ಏಕೈಕ ಕಾರಿನ ಬಾನೆಟ್ಟಿನ ಕೆಳಗೆ ತಾವು ಬೆಚ್ಚಗೆ ವಿರಾಜಮಾನರಾಗಿದ್ದೀರೆಂದು ನಂಬಿದ್ದೇನೆ. ಹೊರಗೆ ಬೆವರು ಒರೆಸಿಕೊಳ್ಳುತ್ತ ನಾನೂ ಕ್ಷೇಮ. ತಮ್ಮ ನಿದ್ರೆಗೆ ಭಂಗ ತರುವ ಉದ್ದೇಶ ಈ ಪತ್ರಕ್ಕಿಲ್ಲ. ಕೀಲಿಯ ಕೈಯಲ್ಲೇ ಆಗದ ಕೆಲಸ ಕಾಗದದ ಕೈಯಲ್ಲಿ ಆದೀತೇ?

ಈ ಹುದ್ದೆಗೆ ಬಂದವರಲ್ಲಿ ತಾವು ಮೂರನೆಯವರು. ಹಿಂದಿನ ಇಬ್ಬರೂ ಇದೇ ರೀತಿ ಹೇಳದೆ ಕೇಳದೆ ಕೈಕೊಟ್ಟಾಗ, ಅವರ ಜಾತಕವೇ ಸರಿಯಿಲ್ಲವೆಂದು ಸಮಾಧಾನ ಮಾಡಿಕೊಂಡು ತಮ್ಮನ್ನು ಕರೆತಂದೆ. ತಮಗೆ ನೀರು ಕುಡಿಸಿದೆ, ತಮ್ಮ ತುದಿಗಳಿಗೆ ಮೆತ್ತಿದ ಬಿಳಿ ಪುಡಿಯನ್ನು ನನ್ನ ಮುಖ ಒರೆಸುವ ಟವೆಲಿನಿಂದಲೇ ಒರೆಸಿ ಮನೆಯಲ್ಲಿ ಬೈಸಿಕೊಂಡೆ. ಇಷ್ಟೆಲ್ಲ ಆದಮೇಲೂ ವಿದ್ಯಾರ್ಥಿಗಳು ಕೀಲಿ ತಿರುಗಿಸಿದರೆ ತಾವು ಒಮ್ಮೆ ಟಕ್ ಎಂದು ಲೊಚಗುಟ್ಟಿ ಸುಮ್ಮನಾಗುತ್ತೀರಿ. ಆಮೇಲೆ ನಾನು ಹಿಂದಿನಿಂದ ತಳ್ಳಬೇಕು, ಅವರು ಕ್ಲಚ್ ಬಿಟ್ಟು ಎಂಜಿನ್ ಎಬ್ಬಿಸಬೇಕು. ಈಗ ಬೀದಿಯವರು ನಮ್ಮ ಸಂಸ್ಥೆಯನ್ನು ಕರೆಯುವುದು ತಳ್ಳುವ ಶಾಲೆ ಎಂದೇ.

ತಮ್ಮ ಅಸಮಾಧಾನಕ್ಕೆ ನನ್ನ ಪಾಠಕ್ರಮವೇ ಕಾರಣವೆಂಬ ಮಾತೊಂದು ಮನೆಯಲ್ಲಿ ಹಬ್ಬಿದೆ. ನನ್ನ ಪದ್ಧತಿ ಸರಳವಾದದ್ದು: ಪೆಟ್ರೋಲು ಸುಮ್ಮನೆ ಸುಡಬಾರದೆಂದು ಎಂಜಿನ್ ಆರಿಸುತ್ತೇನೆ, ಪಾಠ ಕಣ್ಣಿಗೆ ಕಟ್ಟಬೇಕೆಂದು ಹೆಡ್‌ಲೈಟು, ಇಂಡಿಕೇಟರು, ವೈಪರು, ಫ್ಯಾನು ಎಲ್ಲವನ್ನೂ ಹಾಕುತ್ತೇನೆ, ಆಮೇಲೆ ರಸ್ತೆಯಲ್ಲಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ, ವಿದ್ಯಾರ್ಥಿ ಆಕಳಿಸಿದರೂ ಬಿಡದೆ, ಮನಸ್ಸಿಟ್ಟು ಮಾತಾಡುತ್ತೇನೆ. ಇದನ್ನು ಕಿಟಕಿಯಿಂದ ನೋಡಿದ ನನ್ನ ಹೆಂಡತಿ, “ಅದು ತಾನಾಗಿ ಸಾಯ್ತಿಲ್ಲ ರೀ, ನೀವು ಮಾತಾಡಿ ಮಾತಾಡಿ ಸಾಯಿಸ್ತಿದ್ದೀರ” ಎಂದಳು. ವಿದ್ಯಾದಾನದಿಂದ ಯಾರಾದರೂ ಸತ್ತದ್ದುಂಟೇ? ಆ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ವಿಷಯ ನನ್ನ ಅತ್ತಿಗೆಯದು. ಬೇಕರಿಯ ಬ್ರೆಡ್ಡು ವ್ಯಾನು ಓಡಿಸುತ್ತಿದ್ದ ನಮ್ಮಣ್ಣನ ಕಣ್ಣು ಮಂಜಾಗುತ್ತ ಬಂದು, ಇನ್ನು ಸ್ಟೇರಿಂಗ್ ಮುಟ್ಟಬಾರದೆಂದು ವೈದ್ಯರು ಹೇಳಿಬಿಟ್ಟರು. ಬೇಕರಿಯ ಯಜಮಾನರು ಒಳ್ಳೆಯವರು. ಅತ್ತಿಗೆ ಲೈಸೆನ್ಸ್ ತಂದರೆ ಆ ಕೆಲಸ ಅವರಿಗೇ, ಆದರೆ ತಿಂಗಳ ಕೊನೆಯ ನಂತರ ಕಾಯಲಾರೆ ಎಂದರು. ಹಿಂದಿನ ಪರೀಕ್ಷೆಯಲ್ಲಿ ಅತ್ತಿಗೆ ಏರಿನ ಮೇಲೆ ಎಂಜಿನ್ ನಿಲ್ಲಿಸಿಕೊಂಡು ನಪಾಸಾಗಿದ್ದರು. ಉಳಿದಿದ್ದದ್ದು ಒಂದೇ ಅವಕಾಶ. ಮನೆಯಲ್ಲಿ ನನ್ನನ್ನು ನೀನು ಎನ್ನುವ ಅತ್ತಿಗೆ ಕಾರು ಹತ್ತಿದ ಕೂಡಲೇ ಮೇಷ್ಟ್ರೇ ಎನ್ನುತ್ತಿದ್ದರು, ಹಾಗೆನ್ನುತ್ತಲೇ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿಯುತ್ತಿದ್ದರು. ನನಗೂ ಭಯವಿತ್ತು, ಮಹಾಶಯರೇ.

ಪರೀಕ್ಷೆಯ ದಿನ ಸರದಿ ಬರುವವರೆಗೆ ಸುಮ್ಮನೇಕೆ ಕೂರಬೇಕೆಂದು, ಎಂಜಿನ್ ಆರಿಸಿ, ದೀಪಗಳನ್ನೆಲ್ಲ ಹಾಕಿ, ಇಡೀ ಪಾಠವನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿಕೊಟ್ಟೆ. ನಾನು ಇಳಿದೆ, ಪರೀಕ್ಷಾಧಿಕಾರಿಗಳು ಬಂದು ಕುಳಿತರು, ಅತ್ತಿಗೆ ಕೀಲಿ ತಿರುಗಿಸಿದರು. ಟಕ್. ಅತ್ತಿಗೆ ಗಾಜು ಇಳಿಸಿ, ಪಲ್ಯಕ್ಕೆ ಉಪ್ಪು ಕೇಳುವಷ್ಟು ಸಲೀಸಾಗಿ, “ಮೇಷ್ಟ್ರೇ, ಹಿಂದೆ ಹೋಗಿ ತಳ್ಳಿ” ಎಂದರು. ಅಧಿಕಾರಿಗಳು ಬಾಗಿಲಿಗೆ ಕೈ ಹಾಕಿದ್ದನ್ನು ನೋಡಿ, “ನೀವು ಇಳೀಬೇಡಿ ಸರ್, ಬೆಲ್ಟ್ ಹಾಕ್ಕೊಳ್ಳಿ, ಇದು ನಮಗೆ ದಿನಾ ಇದ್ದದ್ದೇ” ಎಂದರು. ನಾನು ತಳ್ಳಿದೆ, ಸಾಲಿನಲ್ಲಿದ್ದವರೂ ಕೈ ಸೇರಿಸಿದರು. ಅತ್ತಿಗೆ ಎರಡನೇ ಗೇರಿನಲ್ಲಿಟ್ಟು ಸರಿಯಾದ ಗಳಿಗೆಗೆ ಕ್ಲಚ್ ಬಿಟ್ಟರು ನೋಡಿ, ಕಾರು ಮೈ ಕೊಡವಿಕೊಂಡು ಎದ್ದಿತು! ಎಂಜಿನ್ ನಿಂತರೆ ಮತ್ತೆ ತಳ್ಳಿಸಬೇಕಲ್ಲ ಎಂದು ಏರಿನಲ್ಲಾಗಲಿ ರಿವರ್ಸಿನಲ್ಲಾಗಲಿ ಒಮ್ಮೆಯೂ ಅದನ್ನು ನಿಲ್ಲಗೊಡಲಿಲ್ಲ. ಪಾಸಾದರು. ನಾನು ನಿಂತಲ್ಲೇ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ನನ್ನ ದೂರು ಇರುವುದು ಆಮೇಲೆ ನಡೆದದ್ದರ ಬಗ್ಗೆ. “ಕ್ಲಚ್ ಇಷ್ಟು ಚೆನ್ನಾಗಿ ಬಿಡೋರನ್ನ ನಾನು ನೋಡೇ ಇಲ್ಲ, ಯಾರಮ್ಮ ಕಲಿಸಿದ್ದು?” ಎಂದು ಅಧಿಕಾರಿಗಳು ಕೇಳಿದಾಗ, ಏದುಸಿರು ಬಿಡುತ್ತ ಪಕ್ಕದಲ್ಲೇ ನಿಂತಿದ್ದ ನಾನು ಅಂಗಿ ಸರಿಮಾಡಿಕೊಂಡು ಮುಂದೆ ಬಂದೆ. ಅತ್ತಿಗೆ ಬಾನೆಟ್ಟಿನ ಕಡೆ ಕೈ ತೋರಿಸಿ, “ಬ್ಯಾಟರಿ, ಸರ್” ಎಂದರು.

ಆದ್ದರಿಂದ ಗುರುವರ್ಯರಾದ ತಮ್ಮಲ್ಲಿ ವಿನಂತಿ. ಇನ್ನು ಮುಂದೆ ರಜೆ ಬೇಕಿದ್ದರೆ ಹಿಂದಿನ ದಿನವೇ ತಿಳಿಸುವ ಕೃಪೆ ಮಾಡಬೇಕು. ನನ್ನ ಪಾಠದ ವೇಳೆ ಹೆಡ್‌ಲೈಟುಗಳನ್ನು ಕರೆಂಟಿಲ್ಲದೆ ಕೇವಲ ಸದ್ಭಾವನೆಯಿಂದ ಉರಿಸಬೇಕು. ಅದಾಗದಿದ್ದರೆ ಬೆಳಗಿನ ತರಗತಿಯನ್ನು ತಾವೇ ವಹಿಸಿಕೊಂಡು, ಬಾನೆಟ್ಟಿನ ಕೆಳಗೆ ಮಲಗಲು ನನಗೆ ಜಾಗ ಬಿಟ್ಟುಕೊಡಬೇಕು. ನನ್ನ ಪದ್ಧತಿಯನ್ನು ಬದಲಿಸುವ ಮಾತು ಮಾತ್ರ ಎತ್ತಬಾರದು.

ಇಂತಿ, ಯಾವಾಗಲೂ ತಮ್ಮ ಬೆನ್ನ ಹಿಂದೆಯೇ ಇರುವ,
ತಮ್ಮ ವಿಶ್ವಾಸಿ,
ಡ್ರೈವಿಂಗ್ ಮೇಷ್ಟ್ರು

ತಾ.ಕ.: ಅತ್ತಿಗೆ ಈಗ ಬ್ರೆಡ್ಡು ವ್ಯಾನು ಓಡಿಸುತ್ತಿದ್ದಾರೆ. ಪಕ್ಕದ ಸೀಟಿನಲ್ಲಿ ನಮ್ಮಣ್ಣ. ಕಣ್ಣು ಮಂಜಾದರೂ ಯಾವ ತಿರುವಿನಾಚೆ ಯಾವ ಅಂಗಡಿ ಎಂಬುದು ಅವನಿಗೆ ಬಾಯಿಪಾಠ. ಆ ವ್ಯಾನಿನ ಬ್ಯಾಟರಿ ಈವರೆಗೆ ಒಮ್ಮೆಯೂ ಸತ್ತಿಲ್ಲವಂತೆ. ಗುಟ್ಟೇನೆಂದು ಕೇಳಿದರೆ ಅತ್ತಿಗೆ ಹೇಳುತ್ತಾರೆ: “ಗುಟ್ಟೇನೋ ಬಂತು? ಎಂಜಿನ್ ಶುರುವಾದ್ಮೇಲೇ ನಿಮ್ಮಣ್ಣ ಬಾಯಿ ತೆಗೆಯೋದು.”