ಇಟಲಿಯ ಬಾಟಲಿ, ನಮ್ಮನೆ ಊಟ

ಹೋಂಸ್ಟೇ ನಡೆಸುವ ಮನೆಯಲ್ಲಿ ದಿನಕ್ಕೊಂದು ಫಜೀತಿ ಆಗದಿದ್ದರೆ ನಮಗೆ ಉಂಡದ್ದು ಅರಗುವುದಿಲ್ಲ. ಮಾಗೋಡು ಜಲಪಾತ ನೋಡಲು ಬಂದವರಿಗೆ ನಾವು ಊಟ, ಹಾಸಿಗೆ ಕೊಡುತ್ತೇವೆ; ಅವರು ನಮಗೆ ನಗು ಕೊಟ್ಟು ಹೋಗುತ್ತಾರೆ.

ಈ ಸಲ ಬಂದವರು ಹುಬ್ಬಳ್ಳಿ ಕಡೆಯ ಮೇಷ್ಟ್ರು. ಹೋಟೆಲಿನವರಿಗೆ ವೈನ್ ರುಚಿ ನೋಡುವ ಪಾಠ ಹೇಳುವುದು ಅವರ ಕಸುಬು. ಚೀಲದಿಂದ ಇಟಲಿಯ ಬಿಳಿ ವೈನ್ ತೆಗೆದು, "ನಿಮ್ಮ ಊಟಕ್ಕ ಇದು ಜೋಡಿ ಆತಂದ್ರ ನನ್ನ ಶಿಷ್ಯರನ್ನೆಲ್ಲ ಇಲ್ಲಿಗೇ ಕರಕೊಂಡು ಬರ್ತೀನ್ರಿ" ಅಂದರು. ನನಗೆ ಖುಷಿಯೋ ಖುಷಿ.

ಆದರೆ ನಮ್ಮ ಮಾವ ಇದ್ದಾರಲ್ಲ! "ಆ ಬಾಟ್ಲಿ ಅಡುಗೆಮನೆ ಹೊಕ್ಕರೆ ಆನು ಇಲ್ಲಿ ಊಟ ಮಾಡ್ತ್ನಿಲ್ಲೆ. ನಿನ್ನ ಹೋಂಸ್ಟೇಗೂ ಬೀಗ" ಅಂದುಬಿಟ್ಟರು. ಮಾವ ಹೇಳಿದ್ದನ್ನು ಮಾಡುವವರೇ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಣ ವೈನು

ಪಾಠ ಜಗಲಿಯಲ್ಲೇ ಶುರುವಾಯಿತು. "ಇದು ಡ್ರೈ ವೈನ್ರಿ" ಅಂದರು ಮೇಷ್ಟ್ರು.

ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಅಡುಗೆ ಭಟ್ಟರು, ಮನ್ಮನೆ ಊರಿನವರು, ಕೇಳಿದರು: "ಒಣಗಿದ್ದೋ? ಹಂಗಾರೆ ಎಷ್ಟೊತ್ತು ನೆನೆಹಾಕವು?"

ಉಗಿಯುವ ವಿದ್ಯೆ

ಡ್ರೈ ಅಂದರೆ ಸಿಹಿ ಇಲ್ಲದ್ದು ಎಂದು ತಿಳಿಸಿ ಮೇಷ್ಟ್ರು ಮುಂದುವರಿಸಿದರು. "ಬಾಯಾಗ ಹಾಕ್ಕೊಂಡು ತಿರುಗಸ್ರಿ. ಮೊದಲ ನಿಂಬಿ, ಆಮ್ಯಾಲೆ ಹಸರು ಸೇಬು, ಕಡೀಗೆ ಬಾದಾಮಿಯಂಥ ಸಣ್ಣ ಕಹಿ. ನುಂಗಬ್ಯಾಡ್ರಿ, ಉಗಳ್ರಿ."

ನನ್ನ ಯಜಮಾನರ ಭಾವ ಕಾನಸೂರಿನವರು, ಎಲೆ ಅಡಿಕೆಯ ಕವಳ ಬಾಯಿಂದ ಇಳಿಸಿದವರೇ ಅಲ್ಲ. ವೈನು ಬಾಯಿಗೆ ಹಾಕಿ ತಿರುಗಿಸಿ, ತುಟಿಗೆ ಎರಡು ಬೆರಳು ಇಟ್ಟು ಪಿಚಕ್ಕನೆ ಉಗಿದರು ನೋಡಿ, ಅಂಗಳ ದಾಟಿ, ದಾಸವಾಳದ ಬೇಲಿಯನ್ನೂ ದಾಟಿ ಬಿತ್ತು.

"ಅಬ್ಬಬ್ಬಾ! ಎಲ್ಲಿ ಕಲ್ತ್ರಿ?" ಮೇಷ್ಟ್ರು ಬೆರಗಾದರು.

"ಇದಕ್ಕೆ ಕಲಿಯದೆಂತ ಇದ್ದು? ರುಚಿ ಮಾತ್ರ ಗೊತ್ತಾಜಿಲ್ಲೆ. ಮೊದ್ಲು ಕವಳ ಉಗಿಯವಾಗಿತ್ತ?"

ಜೋಡಿ

ಮೀನು, ಸಿಗಡಿ ಇದಕ್ಕೆ ಒಳ್ಳೆಯ ಜೋಡಿಯಂತೆ. ನಮ್ಮಲ್ಲಿ ಅದೆಲ್ಲ ಇಲ್ಲ. ಹಲಸಿನ ಹಪ್ಪಳ ಕರಿದು ಕೊಟ್ಟೆ. "ಭಾಳ ಚೊಲೊ! ಎಣ್ಣಿ ಜಿಡ್ಡು ತೊಳದಂಗಾತು" ಅಂದರು. ತೊಡೆದೇವು ಕೊಟ್ಟೆ. ಆ ಬೆಲ್ಲದ ಸಿಹಿಯ ಮೇಲೆ ವೈನು ಬರೀ ಹುಳಿಯಾಗಿ ಮುಖ ಕಿವುಚಿದರು. ಆಮೇಲೆ ಅಪ್ಪೆಮಿಡಿ ಉಪ್ಪಿನಕಾಯಿ. ಬೇಡ ಬೇಡ ಅಂದರೂ ಇಡೀ ಮಿಡಿ ಬಾಯಿಗೆ ಹಾಕಿಕೊಂಡರು.

"ಈಗ ವೈನ್ ಹೇಗಿದೆ?" ಕೇಳಿದೆ.

"ಯಾವ ವೈನ್ರೀ? ಮೊದಲ ನೀರು ಕೊಡ್ರಿ!"

ಊಟದ ಕೊನೆಗೆ

ಉಳಿದ ವೈನು ಮೇಷ್ಟ್ರಿಗೆ ಮಧ್ಯಾಹ್ನದ ಊಟಕ್ಕೆ ತಣ್ಣಗೆ ಬೇಕಂತೆ. ಫ್ರಿಜ್ ಇರುವುದು ಅಡುಗೆಮನೆಯಲ್ಲಿ! ಮಾವ ಹೊಗಬಾರದು ಅಂದಿದ್ದು ಬಾಟಲಿ ತಾನೆ? ವೈನನ್ನು ಸ್ಟೀಲ್ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿನಲ್ಲಿಟ್ಟು ಬಾಳೆಎಲೆ ಕೊಯ್ಯಲು ಹೋದೆ. ಎಂಥ ಜಾಣೆ ನಾನು!

ನಮ್ಮ ಕಡೆ ಊಟದ ಕೊನೆಗೆ ಅಪ್ಪೆಹುಳಿ ಕುಡಿಯಲೇಬೇಕು. ಮಾವಿನ ಮಿಡಿಯ ತೆಳು ಹುಳಿನೀರು ಅದು. ಕುಡಿದರೆ ಒಳ್ಳೆ ನಿದ್ದೆ. ಭಟ್ಟರು ಫ್ರಿಜ್ ತೆಗೆದು ಪಾತ್ರೆಯೊಳಗಿನದರ ರುಚಿ ನೋಡಿದರು. ನಶ್ಯ ಏರಿಸಿ ಏರಿಸಿ ಅವರ ಮೂಗಿಗೆ ವಾಸನೆಯೇ ಹತ್ತುವುದಿಲ್ಲ. ತೆಳ್ಳಗಿದೆ, ಹುಳಿಯಿದೆ, ಚೂರು ಕಹಿಯೂ ಇದೆ. ಪಾಪ, ತಂಗಿ (ನನ್ನನ್ನು ಅವರು ಕರೆಯುವುದೇ ಹಾಗೆ) ಅಪ್ಪೆಹುಳಿ ಮಾಡಿ ಒಗ್ಗರಣೆ ಮರೆತಿದ್ದಾಳೆ ಅಂದುಕೊಂಡರು. ನೀರು, ಉಪ್ಪು, ಹಸಿಮೆಣಸು ಹಾಕಿ, ಇಂಗು ಸಾಸಿವೆಯ ಒಗ್ಗರಣೆ ಚೊಂಯ್ ಅನ್ನಿಸಿದರು.

ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದರು. ಒಂದು ಗುಟುಕಿಗೇ ಮೇಷ್ಟ್ರ ಹುಬ್ಬು ಮೇಲೇರಿತು. ನನ್ನನ್ನು ನೋಡಿದರು. ನಾನು ಪಾತ್ರೆ ನೋಡಿದೆ. ಅಯ್ಯೋ ದೇವರೇ! ನಾನು ವೈನು ಬಗ್ಗಿಸಿಟ್ಟ ಅದೇ ಸ್ಟೀಲ್ ಪಾತ್ರೆ! ಅಷ್ಟರಲ್ಲಿ ಮಾವನ ಲೋಟ ಖಾಲಿ. "ಭಟ್ರೇ, ಭಾರೀ ಚೊಲೋ ಆಜು, ಇನ್ನೂ ಬಡಸಿ!" ಮತ್ತೆ ಲೋಟ ತುಂಬಿತು, ಮತ್ತೆ ಖಾಲಿಯಾಯಿತು. ನಾನು ಮೇಷ್ಟ್ರಿಗೆ ದೂರದಿಂದಲೇ ಕೈಮುಗಿದೆ. ಅವರು ನಗು ತಡೆಯಲು ಬಾಯಿಗೆ ಟವೆಲ್ಲು ಒತ್ತಿಕೊಂಡರು.

ಅತಿಥಿಗಳ ಜೊತೆ ಎಂದೂ ಮಾತಾಡದ ಮಾವ ಮೇಷ್ಟ್ರ ಹೆಗಲ ಮೇಲೆ ಕೈಹಾಕಿ ಪ್ರೀತಿಯಿಂದ ಬುದ್ಧಿ ಹೇಳಿದರು: "ನಿಂಗ ಆ ಹಾಳು ವೈನು ಬಿಟ್ಟಾಕಿ, ಮೇಷ್ಟ್ರೇ. ದಿನಾ ಈ ಅಪ್ಪೆಹುಳಿ ಕುಡೀರಿ. ತಲೆ ಎಷ್ಟು ಹಗುರ ಆಗ್ತು ನೋಡಿ!"