ಮಾವನ ಮೈಕು, ಅತ್ತೆಯ ಖಾನಾವಳಿ

ನಮ್ಮ ಸೋದರಮಾವ ಇಲ್ಲದೇ ಹೋಗಿದ್ದರೆ ಹಾವೇರಿ ಜಿಲ್ಲೆಯಲ್ಲಿ ಒಂದು ಅಂಗಡಿಯೂ ಬಾಗಿಲು ತೆರೆಯುತ್ತಿರಲಿಲ್ಲ, ಒಂದು ಸಭೆಗೂ ಜನ ಸೇರುತ್ತಿರಲಿಲ್ಲ, ಸೂರ್ಯ ಕೂಡ ಸ್ವಲ್ಪ ತಡಮಾಡಿಯೇ ಹುಟ್ಟುತ್ತಿದ್ದ! ಹೀಗೆ ಹೇಳುತ್ತಿದ್ದವರು ಬೇರೆ ಯಾರೂ ಅಲ್ಲ, ಸ್ವತಃ ನಮ್ಮ ಮಾವನೇ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಶಿಕ್ಷಕಿ. ಮಾವನ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದೆ. ಅವರ ಕಸುಬು ಪ್ರಚಾರ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಓಣಿ ಓಣಿ ಸಾರುವುದು, ಕರಪತ್ರ ಹಂಚುವುದು, ಸಭೆಗೆ ಜನ ಸೇರಿಸುವುದು. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ‘ಸಾರ್ವಜನಿಕ ಸಂಪರ್ಕಾಧಿಕಾರಿ’ ಎಂದು ಅಚ್ಚು ಹಾಕಿಸಿದ್ದರು.

“ಯಾವ ಆಫೀಸಿನ ಅಧಿಕಾರಿ, ಮಾಮಾ?” ಎಂದು ಕೇಳಿದೆ.

“ಆಫೀಸ್ ಯಾಕ ಬೇಕು? ಸಾರ್ವಜನಿಕರು ಅದಾರ, ಸಂಪರ್ಕ ಐತಿ. ಅಧಿಕಾರಿ ನಾ ಇದ್ದೇನಲ್ಲ!”

ಮನೆಯಲ್ಲೂ ಅದೇ ಧಾಟಿ. ಒಂದು ಕಪ್ ಚಹಾ ಬೇಕಿದ್ದರೂ “ಆತ್ಮೀಯ ಬಂಧುಗಳೇ” ಎಂದೇ ಶುರು! ಅತ್ತೆ ಚಹಾ ತಂದು ಕುಕ್ಕಿ ಒಳಗೆ ಹೋಗುತ್ತಿದ್ದರು.

ಆದರೆ ಮಾವನಿಗೆ ಒಂದು ವಿಚಿತ್ರ ಹಟವಿತ್ತು. ತಾವೇ ಪರೀಕ್ಷೆ ಮಾಡದ ಸಾಮಾನಿಗೆ ಬಾಯಿ ತೆರೆಯುತ್ತಿರಲಿಲ್ಲ. ಗಾದಿ ಅಂಗಡಿಯೊಂದರ ಪ್ರಚಾರ ಒಪ್ಪಿಕೊಂಡು, ಅಂಗಡಿಯಲ್ಲೇ ಮಧ್ಯಾಹ್ನವಿಡೀ ಗೊರಕೆ ಹೊಡೆದಿದ್ದರು! ಬ್ಯಾಡಗಿಯ ಖಾರಪುಡಿ ಗಿರಣಿಯ ಸಾಹುಕಾರರು “ಭಾರೀ ಖಾರ ಅಂತ ಸಾರ್ರಿ” ಎಂದಾಗ ಮಾವ ಚಿಟಿಕೆ ಪುಡಿಯನ್ನು ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಸಾವ್ಕಾರ್ರ, ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ. ಸುಳ್ಳ ಹೇಳಿದ್ರ ನಾಳೆ ಹೆಣ್ಮಕ್ಕಳು ನನ್ನ ಆಟೋ ತಡೀತಾರ.”

ಮರುದಿನ ಹಾವೇರಿಯ ಓಣಿಗಳಲ್ಲಿ ಮೊಳಗಿದ್ದು ಬೇರೆಯೇ ಮಾತು: “ಸಾರು ಕೆಂಪಗಾಗ್ತೈತಿ, ಕೂಸುಗಳು ಅಳೂದಿಲ್ಲ!” ಸಾಹುಕಾರರು ಮೊದಲು ಮುಖ ಸಿಂಡರಿಸಿದರು. ಪುಡಿಯೆಲ್ಲ ಖಾಲಿಯಾದ ಮೇಲೆ ಆ ಸಾಲು ತಮಗೇ ಹೊಳೆದದ್ದೆಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು! ಮಾವ ನಕ್ಕು ಮುಂದಿನ ಪ್ರಚಾರಕ್ಕೆ ಹೊರಟರು.

ಗುತ್ತಲದಲ್ಲಿ ಕಣ್ಣಿನ ಶಿಬಿರ ಮಾಡಿದವರು ಕರಪತ್ರದ ತುಂಬ ಡಾಕ್ಟರುಗಳ ಪದವಿ ತುಂಬಿಸಿದ್ದರು. ಹಳ್ಳಿಯ ಮುದುಕರು ಹೆದರಿ ಮನೆ ಬಿಟ್ಟು ಕದಲಲಿಲ್ಲ. ಕೊನೆಗೆ ಮಾವನಿಗೆ ಕರೆ ಬಂತು. ಅವರು ಮೈಕಿನಲ್ಲಿ ಕೇಳಿದ್ದು ಇಷ್ಟೇ: “ಅಜ್ಜಾರ, ಅಜ್ಜಿಯಾರ, ಮೊಮ್ಮಕ್ಕಳ ಮುಖ ನೋಡಿ ಎಷ್ಟು ದಿನ ಆತ್ರಿ? ನಾಳೆ ಬರ್ರಿ. ತಿರುಗಿ ಮನಿ ಮುಟ್ಟಿಸೂ ಜವಾಬ್ದಾರಿ ನಂದು.” ಜನ ಬಂದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರನ್ನೆಲ್ಲ ಮಾವ ಆಟೋದಲ್ಲಿ ಮನೆ ಮುಟ್ಟಿಸಿದರು. ಪಟ್ಟಿ ಬಿಚ್ಚಿದ ದಿನ ಒಬ್ಬ ಅಜ್ಜಿ ಇವರನ್ನು ಮೇಲಿಂದ ಕೆಳಗೆ ನೋಡಿ, “ನೀನಾ ಏನೋ ಅಂವ? ದನಿ ಕೇಳಿ ದೊಡ್ಡ ಆಳು ಅನ್ಕೊಂಡಿದ್ನಲ್ಲೋ!” ಎಂದಳಂತೆ.

ಪ್ರಚಾರದವರೆಂದರೆ ನಾವೆಲ್ಲ ಸುಲಭವಾಗಿ ಮೂಗು ಮುರಿಯುತ್ತೇವೆ. ಇದ್ದದ್ದಕ್ಕೆ ಇಲ್ಲದ್ದನ್ನು ಸೇರಿಸುವವರು ಎಂದುಬಿಡುತ್ತೇವೆ. ಮಾವನನ್ನು ನೋಡಿದ ಮೇಲೆ ನನಗೆ ಹಾಗೆನ್ನಲು ಮನಸ್ಸು ಬಾರದು. ಒಳ್ಳೆಯದು ಇದ್ದರಷ್ಟೇ ಸಾಲದು, ಅದು ಇದೆ ಎಂದು ಯಾರಾದರೂ ಬಿಸಿಲಲ್ಲಿ ತಿರುಗಿ ಹೇಳಬೇಕು. ಹೇಳಿದ ಮೇಲೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಅದು ಎಲ್ಲರಿಂದ ಆಗುವ ಕೆಲಸವೇ?

ಇಂಥ ಮಾವ ಒಂದೇ ಒಂದು ಕಡೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅತ್ತೆ ಬಸ್‌ ನಿಲ್ದಾಣದ ಹತ್ತಿರ ಪುಟ್ಟ ಖಾನಾವಳಿ ತೆರೆದಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬಾಯಲ್ಲಿ ನೀರೂರುವ ಅಡುಗೆ, ಆದರೆ ಉಣ್ಣುವವರಿಲ್ಲ! ಸಂಜೆ ಉಳಿದ ರೊಟ್ಟಿ ನೋಡುತ್ತ ಅತ್ತೆ ಕೂರುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

“ಊರ ಮಂದೀದೆಲ್ಲಾ ಸಾರ್ತೀರಿ. ನನ್ನ ಖಾನಾವಳಿ ಬಗ್ಗೆ ಒಂದು ಮಾತು ಹೇಳಾಕ ನಾಲಿಗಿ ಏಳಂಗಿಲ್ಲೇನು?” ಎಂದು ಅತ್ತೆ ಒಮ್ಮೆ ಕೇಳಿಯೇಬಿಟ್ಟರು.

“ಮನ್ಯಾಗಿನವರ್ನ ನಾನ ಹೊಗಳಿದ್ರ ಯಾರು ನಂಬ್ತಾರ? ನನ್ನ ಮಾತಿನ ಕಿಮ್ಮತ್ತು ಹೋಗ್ತೈತಿ.”

“ಹಂಗಾರ ಈ ಅಮಾಸಿಗೆ ಮುಚ್ಚಿಬಿಡ್ತೇನಿ,” ಎಂದು ಅತ್ತೆ ಎದ್ದು ಹೋದರು. ಅಂದಿನಿಂದ ಮನೆಯಲ್ಲಿ “ಆತ್ಮೀಯ ಬಂಧುಗಳೇ” ಕೇಳಿಸಲಿಲ್ಲ.

ಅಮಾವಾಸ್ಯೆಗೆ ಮೊದಲಿನ ಭಾನುವಾರ ಮಧ್ಯಾಹ್ನ ನಾನು ಖಾನಾವಳಿಯ ಒಲೆಯ ಮುಂದೆ ಅತ್ತೆಯ ಜೊತೆಗಿದ್ದೆ. ಹೊರಗೆ ಆಟೋ ಬಂದು ನಿಂತ ಸದ್ದು. ಮೈಕಿನಲ್ಲಿ ಒಂದು ಕೆಮ್ಮು. ಆಮೇಲೆ ಏನೂ ಇಲ್ಲ! ಆಟೋ ಡ್ರೈವರ್, “ಮೈಕ್ ಚಾಲೂ ಐತ್ರಿ, ಮಾತಾಡ್ರಿ,” ಎಂದದ್ದೂ ಊರಿಗೆಲ್ಲ ಕೇಳಿಸಿತು. ಮತ್ತೆ ಒಂದು ಕೆಮ್ಮು.

“ಈ ಖಾನಾವಳ್ಯಾಗ ಅಡಗಿ ಮಾಡಾಕಿ ನನ್ನ ಹೇಂತಿ. ಅದಕ್ಕ ನನ್ನ ಮಾತು ನಂಬಬ್ಯಾಡ್ರಿ, ಉಂಡು ನೋಡ್ರಿ. ನಾ ಮದಿವಿ ಆದಾಗಿಂದ ಉಣ್ಣಾಕತ್ತೇನಿ. ಚಲೋ ಐತಿ ಅಂತ ಆಕಿಗೆ ಒಂದು ದಿನಾನೂ ಹೇಳಿಲ್ಲ. ಚಲೋ ಇತ್ತ್ರೀ. ದಿನಾಲೂ ಚಲೋ ಇತ್ತು.”

ಬಸ್ಸಿಗೆ ಕಾದಿದ್ದ ಜನ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ಖಾನಾವಳಿ ಆಮೇಲೆ ಎಷ್ಟೋ ವರ್ಷ ನಡೆಯಿತು. ಆದರೆ ಆ ಗಳಿಗೆಯಲ್ಲಿ ಅತ್ತೆಗೆ ಯಾವ ಗಿರಾಕಿಯೂ ಕಾಣಿಸುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತುಬಿಟ್ಟಿತ್ತು. ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿದೆಯೆಂದು ನಾನು ಕೈ ಚಾಚಿದೆ. ಅತ್ತೆ ಹಿಟ್ಟಿನ ಕೈಯಿಂದಲೇ ನನ್ನನ್ನು ತಡೆದರು.

“ಸುಡ್ಲಿ ಬಿಡವಾ, ಸುಮ್ನಿರು. ಇನ್ನಾ ಏನರ ಹೇಳ್ತಾರೇನೋ.”